ದೊಡ್ಡಮನೆ ಅಮ್ಮೋರು ಕಲಿಸಿದ್ದು

ಮೊಣಕೈಯಿಂದ ಮುಂಗೈವರೆಗೆ ಒಂದು ನರವೂ ಅಲ್ಲಾಡುತ್ತಿರಲಿಲ್ಲ. ಬಲಗೈಯಲ್ಲಿ ಹಿತ್ತಾಳೆ ಚೊಂಬು, ಅದರ ಬಾಯಿಂದ ಹೊಲಿಗೆ ದಾರದಷ್ಟು ಸಣ್ಣ ನೀರಿನ ಧಾರೆ, ಎರಡಡಿ ಕೆಳಗೆ ಒಂದು ಬೊಗಸೆ. ಧಾರೆ ಬೊಗಸೆಯ ನಟ್ಟನಡುವಿಗೇ ಬೀಳುತ್ತಿತ್ತು. ಒಂದು ಹನಿ ಆಚೆಗಿಲ್ಲ, ಈಚೆಗಿಲ್ಲ. ಕುಡಿಯುವವರು ಮರೆತು ಬೊಗಸೆಯನ್ನು ಕೊಂಚ ಎತ್ತಿದರೆ ಚೊಂಬೂ ಅಷ್ಟೇ ಮೇಲಕ್ಕೆ ಏರುತ್ತಿತ್ತು. ಆ ಎರಡಡಿ ಯಾವ ಕಾರಣಕ್ಕೂ ಒಂದೂವರೆ ಆಗುತ್ತಿರಲಿಲ್ಲ. ಕೈತುಂಬ ಹಸಿರು ಗಾಜಿನ ಬಳೆ. ನೀರು ಹೊಯ್ಯುವಷ್ಟು ಹೊತ್ತು ಅವೂ ಸದ್ದು ಮಾಡುತ್ತಿರಲಿಲ್ಲ.

ನಮ್ಮೂರ ದೊಡ್ಡಮನೆಯ ಅಮ್ಮೋರು ನಮಗೆ ನೀರು ಕೊಡುತ್ತಿದ್ದದ್ದು ಹೀಗೆ. ನಮಗೆ ಅಂದರೆ ಕೆಳಗಲ ಕೇರಿಯವರಿಗೆ. ನಮ್ಮೂರು ಕುದೇರಿನಿಂದ ನಡೆದು ಹೋಗುವಷ್ಟು ದೂರ. ಮೇಗಲ ಕೇರಿಯ ತುದಿಗೆ ಅವರ ಮನೆ, ಮನೆಯ ಹಿಂದೆ ಕಣ, ಕಣದಾಚೆ ಅವರ ಹೊಲ. ಅವ್ವ ಆ ಹೊಲದಲ್ಲೂ ಕಣದಲ್ಲೂ ಕೂಲಿ. ಅವ್ವನ ಸೆರಗು ಹಿಡಿದುಕೊಂಡು ನಾನು.

ಅವರನ್ನು ‘ಅವರು’ ಅಂತಲೇ ಬರೆಯುತ್ತಿದ್ದೇನೆ. ಗುಂಡ್ಲುಪೇಟೆಯ ಹೈಸ್ಕೂಲೊಂದರಲ್ಲಿ ಹದಿನೈದು ವರ್ಷದಿಂದ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಅಸ್ಪೃಶ್ಯತೆಯನ್ನು ರದ್ದು ಮಾಡುವ ಸಂವಿಧಾನದ ಹದಿನೇಳನೇ ವಿಧಿಯನ್ನು ವರ್ಷಕ್ಕೊಂದು ಸಲ ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇನೆ. ಆದರೂ ಅವರನ್ನು ‘ಅವಳು’ ಅನ್ನಲು ನಾಲಿಗೆ ಹೊರಳುವುದಿಲ್ಲ. ಅವ್ವ ಕಲಿಸಿದ್ದು ಅಷ್ಟು ಗಟ್ಟಿ.

ಅಮ್ಮೋರು ಜಿಪುಣರಾಗಿದ್ದರೆ ಈ ಬರಹ ಸುಲಭವಾಗುತ್ತಿತ್ತು. ಜಿಪುಣರಲ್ಲ. ಅವರೆಕಾಯಿ ಕಾಲಕ್ಕೆ ಕೇರಿಯ ಪ್ರತಿ ಮನೆಗೂ ಮಡಿಲು ತುಂಬ ಕಾಯಿ. ಹಬ್ಬಕ್ಕೆ ಬೆಲ್ಲ. ಯಾರ ಮನೆಯ ಕೂಸಿಗೆ ಜ್ವರ, ಯಾರಿಗೆ ಹೆರಿಗೆ ಹತ್ತಿರ, ಎಲ್ಲ ಅವರಿಗೆ ಗೊತ್ತು. ಬಾಣಂತಿಗೆ ಅಂತ ತುಪ್ಪ ಕಳಿಸುತ್ತಿದ್ದರು, ಅದೂ ಒಳ್ಳೆಯ ತುಪ್ಪ. ಎಲ್ಲವೂ ಮೇಲಿನಿಂದ ಬೀಳುತ್ತಿತ್ತು ಅನ್ನುವುದು ಬಿಟ್ಟರೆ ಕೊಡುವುದರಲ್ಲಿ ಒಂದು ಕುಂದಿಲ್ಲ.

“ಕೊಡದ್ರಲ್ಲಿ ಕಡ್ಮೆ ಮಾಡ್ಬಾರ್ದು, ಮುಟ್ಟದ್ರಲ್ಲಿ ಹೆಚ್ಗೆ ಮಾಡ್ಬಾರ್ದು” ಅನ್ನುವುದು ಅವರ ಮಾತು. ನಗುನಗುತ್ತಾ ಹೇಳುತ್ತಿದ್ದರು. ಕೇಳಿದ ನಮ್ಮವರೂ ನಗುತ್ತಿದ್ದರು.

ಹಳೆಯದನ್ನೆಲ್ಲ ಕಣ್ಣುಮುಚ್ಚಿಕೊಂಡು ಹಿಡಿದುಕೊಂಡಿದ್ದ ಹೆಂಗಸೂ ಅಲ್ಲ ಅವರು. ಮಗಳು ಇನ್ನೂ ನಾಲ್ಕು ವರ್ಷದವಳಿರುವಾಗ ಅವರ ಗಂಡ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಬಳಗದ ಮುದುಕಿಯರು ಬಳೆ ಒಡೆಯಲು ಬಂದರಂತೆ. ಅಮ್ಮೋರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತು, “ನನ್ ಬಳೆ ಮುಟ್ಟಿದೋಳ ಕೈ ಮುರೀತೀನಿ” ಅಂದರಂತೆ. ಅಂಗಳದ ಗೋಡೆಯಾಚೆ ನಿಂತಿದ್ದ ಅವ್ವ ಇದನ್ನು ಕಣ್ಣಾರೆ ಕಂಡವಳು. ನನಗೆ ನೂರು ಸಲ ಹೇಳಿದ್ದಾಳೆ, ಪ್ರತಿ ಸಲವೂ ಅವಳ ಮುಖದಲ್ಲಿ ಒಂದು ಬೆಳಕು. ಬಳಗದವರು ಒಂದು ವರ್ಷ ಅವರ ಮನೆಗೆ ಕಾಲಿಡಲಿಲ್ಲ. ಅಮ್ಮೋರು ಸೊಪ್ಪು ಹಾಕಲಿಲ್ಲ. ಮದುವೆ ಮನೆಗಳಿಗೆ ಕರೆಯದಿದ್ದರೂ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಮಗಳು ದೊಡ್ಡವಳಾದಾಗ ತಿಂಗಳಿಗೆ ಮೂರು ದಿನ ಹೊರಗೆ ಕೂರಿಸುವುದನ್ನೂ ಕಿತ್ತುಹಾಕಿದರು. “ಪರೀಕ್ಸೆ ಅದೆ, ಒಳ್ಗೆ ಕೂತ್ಕೊಂಡ್ ಓದು. ದೇವ್ರು ಏನಾರ ಕೇಳುದ್ರೆ ನನ್ ಕೇಳ್ಲಿ” ಅಂದರಂತೆ. ಮಗಳೇ ಶಾಲೆಯಲ್ಲಿ ನನಗೆ ಹೇಳಿದ್ದು.

ಒಂದೊಂದನ್ನೂ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಇದು ಮಗಳಿಗೆ ಬೇಕು ಇದು ಬೇಡ ಅಂತ ಆರಿಸಿದವರು ಅವರು. ಅರಿಶಿನದ ಕಣದಲ್ಲಿ ಗಡ್ಡೆ ಬೇರೆ ಕೊಂಬು ಬೇರೆ ಮಾಡುತ್ತೇವಲ್ಲ, ಹಾಗೆ. ಆರಿಸಿ ಇಟ್ಟುಕೊಂಡದ್ದರಲ್ಲಿ ನೀರು ಹೊಯ್ಯುವುದು ಒಂದು.

ಅದನ್ನು ಮಗಳಿಗೆ ಕಲಿಸಿದ್ದು ನನ್ನ ಮೇಲೆ.

ನನಗಾಗ ಎಂಟೋ ಒಂಬತ್ತೋ. ಮಗಳದೂ ಅದೇ ವಯಸ್ಸು, ಒಂದೇ ತರಗತಿ. ಕಣದಲ್ಲಿ ಅರಿಶಿನ ಬೇಯಿಸುತ್ತಿದ್ದರು. ಕೊಪ್ಪರಿಗೆಯಿಂದ ತೆಗೆದು ಸುರಿದದ್ದನ್ನು ಅವ್ವ ಬಿಸಿಲಿಗೆ ಹರಡುತ್ತಿದ್ದಳು. ಅಮ್ಮೋರು ಹಿತ್ತಿಲ ಜಗಲಿಗೆ ಬಂದು ನನ್ನನ್ನು ಕರೆದರು.

“ಬಾಮ್ಮಿ ಇಲ್ಲಿ. ಬಾಯಾರ್ಕೆ ಆಯ್ತಾ?”

“ಇಲ್ಲ ಅಮ್ಮೋರೆ.”

“ಆಗ್ತದೆ ಬಾ. ಕೈ ಒಡ್ಡು.”

ಮಗಳು ಜಗಲಿಯ ಮೇಲೆ ಚೊಂಬು ಹಿಡಿದು ನಿಂತಿದ್ದಳು. ನಾನು ಕೆಳಗೆ ನಿಂತು ಬೊಗಸೆ ಒಡ್ಡಿದೆ. ಅಮ್ಮೋರು ಮಗಳ ಹಿಂದೆ ನಿಂತು ಅವಳ ಮೊಣಕೈಯನ್ನು ಪಕ್ಕೆಗೆ ಒತ್ತಿದರು. “ನೀರ್ ನೋಡ್ಬ್ಯಾಡ. ಅವಳ ಬೆರಳ ತುದಿ ನೋಡು. ಅಲ್ಲಿಂದ ನಿನ್ ಚೊಂಬಿನ ಬಾಯ್ಗೆ ಎಲ್ಡಡಿ ಇರ್ಬೇಕು. ಈಗ ಉಯ್ಯಿ.”

ಮೊದಲ ಸಲ ನೀರು ದಬದಬನೆ ಬಿದ್ದು ನನ್ನ ಎದೆಯೆಲ್ಲ ತೊಯ್ದಿತು. ಎರಡನೇ ಸಲ ಮಗಳ ಕೈ ಬಳುಕಿ ಚೊಂಬಿನ ಬಾಯಿ ನನ್ನ ಹೆಬ್ಬೆರಳಿಗೆ ತಾಗಿತು. ಅಮ್ಮೋರು ನೀರನ್ನು ಅಂಗಳಕ್ಕೆ ಚೆಲ್ಲಿಸಿ, ಹುಣಸೆಹಣ್ಣು ಬೂದಿ ಹಾಕಿ ಚೊಂಬನ್ನು ಮಗಳ ಕೈಯಲ್ಲೇ ಬೆಳಗಿಸಿದರು. ಮತ್ತೆ ತುಂಬಿಸಿದರು. ಮತ್ತೆ ನಿಲ್ಲಿಸಿದರು.

ನಾನು ಬಿದ್ದ ನೀರನ್ನೆಲ್ಲ ಕುಡಿಯುತ್ತಿದ್ದೆ. ಯಾಕೆಂದರೆ ಬೊಗಸೆಗೆ ಬಿದ್ದದ್ದನ್ನು ಕೆಳಗೆ ಬಿಟ್ಟರೆ ಅದು ಸಿಡಿದು ಜಗಲಿಗೆ ಹಾರುತ್ತದೆ, ಹಾರಬಾರದು. ಇದನ್ನು ಅವ್ವ ನನಗೆ ಮನೆಯಲ್ಲಿ ಒಡಕು ಮಡಕೆ ಇಟ್ಟುಕೊಂಡು ಮೊದಲೇ ಕಲಿಸಿದ್ದಳು. ಮುಂದಕ್ಕೆ ಬಾಗು, ಬೆರಳು ಬಿಗಿಹಿಡಿ, ಕತ್ತೆತ್ತಬೇಡ, ಕಣ್ಣೆತ್ತಲೇಬೇಡ. ತಪ್ಪಿದಾಗೆಲ್ಲ ಬೆನ್ನ ಮೇಲೆ ಗುದ್ದು. ಆ ಊರಲ್ಲಿ ಇಬ್ಬರು ತಾಯಂದಿರು ಮಕ್ಕಳಿಗೆ ಪದ್ಧತಿ ಹೇಳಿಕೊಡುತ್ತಿದ್ದರು. ಒಬ್ಬರು ಹೊಯ್ಯುವುದನ್ನು, ಇನ್ನೊಬ್ಬರು ಒಡ್ಡುವುದನ್ನು.

ಐದು ಚೊಂಬೋ ಆರು ಚೊಂಬೋ, ಲೆಕ್ಕ ಸಿಗಲಿಲ್ಲ. ಹೊಟ್ಟೆ ತಮಟೆಯಾಗಿತ್ತು. ಮಗಳು ಅಳಲು ಶುರುಮಾಡಿದಳು. ಅಮ್ಮೋರು ಅವಳ ಕೆನ್ನೆಗೆ ಬಾರಿಸಿದರು. ನನಗೆ ಹೊಡೆಯಲಿಲ್ಲ. ಹೊಡೆಯಬೇಕಾದರೆ ಮುಟ್ಟಬೇಕಲ್ಲ.

ಕೊನೆಗೆ ಧಾರೆ ಸಣ್ಣಗಾಯಿತು, ನೆಟ್ಟಗಾಯಿತು, ನಡುವಿಗೆ ಬಿತ್ತು. ಅಮ್ಮೋರು ಉಸಿರುಬಿಟ್ಟರು. ಕಣದ ಕಡೆ ತಿರುಗಿ ಅವ್ವನಿಗೆ ಕೂಗಿ ಹೇಳಿದರು: “ನಿನ್ ಮಗ್ಳು ಬಲ್ ಜಾಣೆ ಕಣಮ್ಮಿ. ಅಷ್ಟೊತ್ತಾದ್ರೂ ಕೈ ಅಳ್ಳಾಡುಸ್ನಿಲ್ಲ.” ಒಳಗಿನಿಂದ ಒಂದು ಉಂಡೆ ಬೆಲ್ಲ ತಂದು ನನ್ನ ಬೊಗಸೆಗೆ ಬಿಟ್ಟರು.

ಮನೆಗೆ ಹೋಗುವ ದಾರಿಯಲ್ಲಿ ಬೇಲಿ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕುಡಿದದ್ದನ್ನೆಲ್ಲ ಕಕ್ಕಿದೆ. ಅವ್ವ ಬೆನ್ನು ನೀವುತ್ತಾ ಹೇಳಿದಳು: “ಅಲ್ಲಿ ಕಕ್ಕನಿಲ್ವಲ್ಲ, ಸದ್ಯ.” ಸಂಜೆ ಅಪ್ಪ ಬಂದ ಮೇಲೆ ಅಮ್ಮೋರು ನನ್ನನ್ನು ಹೊಗಳಿದ್ದನ್ನು ಅವನಿಗೆ ಹೇಳಿದಳು. ಕಕ್ಕಿದ್ದನ್ನು ಹೇಳಲಿಲ್ಲ. ಅವ್ವನಿಗೆ ಅಷ್ಟು ಹೆಮ್ಮೆಯಾಗಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನಾನು ಬಿ.ಎ. ಪಾಸಾದ ದಿನವೂ ಅಷ್ಟು ಕಾಣಲಿಲ್ಲ.

ಬಿ.ಎ. ಮಾತು ಬಂತು. ನಮ್ಮ ಕೇರಿಯಲ್ಲಿ ಪದವಿ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನನಗಿಂತ ಮುಂಚೆ ಹುಟ್ಟಿದ ಗಂಡಸರು ಯಾರೂ ಮಾಡಿರಲಿಲ್ಲ. ನಗರದ ಬಸ್ಸಿನಲ್ಲಿ ನಿಂತುಕೊಂಡೇ ಓದಿದ್ದೇನೆ, ಬೇರೆಯವರ ಪುಸ್ತಕ ಇಸಿದುಕೊಂಡು ರಜೆಯಲ್ಲಿ ಕೈಯಲ್ಲಿ ನಕಲು ಮಾಡಿಕೊಂಡಿದ್ದೇನೆ. ಯಾರೂ ಎತ್ತಿ ಕೊಟ್ಟದ್ದಲ್ಲ ಅದು. ಆದರೆ ಆ ಬಸ್ಸಿನ ಮೆಟ್ಟಿಲು ಹತ್ತಿಸಿದ್ದು ಯಾರು ಅಂದರೆ ಅಮ್ಮೋರು. ಸುಳ್ಳು ಹೇಳಲಾರೆ.

ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಅಪ್ಪ ನನಗೊಂದು ಗಂಡು ಗೊತ್ತುಮಾಡಿದ್ದ. ಮಾತುಕತೆ ಮುಗಿಯುವುದೊಂದು ಬಾಕಿ. ಒಂದು ಬೆಳಿಗ್ಗೆ ಅಮ್ಮೋರು ನಮ್ಮ ಕೇರಿಯ ಬಾಯಿಯವರೆಗೆ ನಡೆದು ಬಂದು ಬೇವಿನ ಮರದಡಿ ನಿಂತರು. ಅಲ್ಲಿಂದ ಒಂದು ಹೆಜ್ಜೆ ಈಚೆಗಿಲ್ಲ. ಅಪ್ಪನನ್ನು ಕೂಗಿಸಿದರು.

“ಏನ್ಲಾ, ಕೂಸ್ನ ಮದ್ವೆ ಮಾಡ್ತಿಯಂತೆ?”

“ಊ ಅಮ್ಮೋರೆ, ಸಂಬಂಧ ಬಂದದೆ.”

“ಸಂಬಂಧಕ್ಕೆ ಬೆಂಕಿ ಆಕು. ಓದ್ಸು. ನಗರ್ದಲ್ಲಿ ಕಾಲೇಜದೆ, ಬಸ್ಸದೆ. ಇವಳೇನಾರ ನನ್ ಹೊಲ್ದಲ್ಲಿ ಕುಡ್ಲು ಹಿಡ್ದು ಕಂಡ್ಳೋ, ನಿನ್ಗೂ ಕೂಲಿ ಇಲ್ಲ, ನಿನ್ ಎಂಡ್ರಿಗೂ ಇಲ್ಲ. ಓಗು.”

ಅಪ್ಪ ಒಪ್ಪಿದ್ದು ಓದಿನ ಆಸೆಗಲ್ಲ, ಕೂಲಿ ಹೋಗುವ ಭಯಕ್ಕೆ. ಮರುದಿನ ಅವ್ವ ನನ್ನನ್ನು ದೊಡ್ಡಮನೆಗೆ ಕರೆದುಕೊಂಡು ಹೋಗಿ ಅಂಗಳದಲ್ಲಿ ಅಡ್ಡಬೀಳಿಸಿದಳು. ಅಮ್ಮೋರು ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಾ ಕೂತಿದ್ದರು.

“ಓದು ಕಣಮ್ಮಿ, ಎಷ್ಟ್ ಬೇಕಾದ್ರೂ ಓದು” ಅಂದರು. “ಓದುದ್ರೂವೆ ನೀನು ನೀನೇ, ನಾನು ನಾನೇ. ಅದು ಗಟ್ಟಿಯಾಗದೆ. ಅದ್ಕೇ ಧೈರ್ಯವಾಗಿ ಓದು ಅಂತೀನಿ.”

ಇದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬರುತ್ತದೆ, ಒಣಹಾಕಿದ ಬಟ್ಟೆ ತೆಗೆ ಅಂದಷ್ಟು ಸಲೀಸಾಗಿ ಹೇಳಿದರು.

ಅವರ ಮಗಳನ್ನು ಗುಂಡ್ಲುಪೇಟೆಗೆ ಕೊಟ್ಟರು. ಈರುಳ್ಳಿ, ತರಕಾರಿ ಮಂಡಿಯವರ ಮನೆ, ದಿನಕ್ಕಿಷ್ಟು ಲಾರಿ ಕೇರಳಕ್ಕೆ ಹೋಗುತ್ತವೆ. ನನಗೂ ಅಲ್ಲೇ ಕೆಲಸವಾಯಿತು, ಮದುವೆಯಾಯಿತು, ಒಬ್ಬಳು ಮಗಳು. ಅಮ್ಮೋರ ಮಗಳಿಗೂ ಒಬ್ಬಳು ಮಗಳು. ಇಬ್ಬರೂ ಒಂದೇ ಇಂಗ್ಲಿಷ್ ಶಾಲೆ, ಒಂದೇ ಬೆಂಚು. ಅಮ್ಮೋರಿಗೆ ಮಂಡಿನೋವು ಹೆಚ್ಚಾದ ಮೇಲೆ ಹೊಲವನ್ನು ಗುತ್ತಿಗೆಗೆ ಕೊಟ್ಟು ಮಗಳ ಮನೆಗೆ ಬಂದರು. ಬಂದ ವಾರದಲ್ಲೇ ನನಗೆ ಹೇಳಿಕಳಿಸಿದರು.

ಹಾಲಿನಲ್ಲಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. “ಬಾಮ್ಮಿ ಮೇಷ್ಟ್ರಮ್ಮ” ಅಂದರು. ನಾನು ನಿಂತೇ ಇದ್ದದ್ದು ನೋಡಿ, “ಸೋಪಾ ಮ್ಯಾಲೆ ಕೂತ್ಕೊ. ಕಾಲ ಬದ್ಲಾಗದೆ, ನಾನೇನ್ ಕಾಣ್ದೋಳಾ?” ಅಂದರು. ಕೂತೆ. ಪಕ್ಕದಲ್ಲಿ ಅವರ ನೆರೆಮನೆಯ ಹೆಂಗಸೊಬ್ಬರು ಕೂತಿದ್ದರು. ಅಮ್ಮೋರ ಮಗಳು, ನನ್ನ ಶಾಲೆಯ ಗೆಳತಿ, ಕಾಫಿ ತಂದಳು. ಆ ಹೆಂಗಸಿಗೆ ಸ್ಟೀಲ್ ಲೋಟ. ನನಗೆ ಪೇಪರ್ ಲೋಟ.

“ಬಿಸಿ ಅದೆ ಕಣೆ, ನಿಧಾನ” ಅಂದಳು ಗೆಳತಿ, ನನ್ನ ಮುಖ ನೋಡದೆ.

ನಾನು ಎರಡೂ ಲೋಟ ನೋಡಿದ್ದನ್ನು ಅಮ್ಮೋರು ನೋಡಿದರು. ಅವರ ಕಣ್ಣಿಗೆ ಯಾವುದೂ ತಪ್ಪುತ್ತಿರಲಿಲ್ಲ. ನೆರೆಯವರು ಎದ್ದು ಹೋದ ಮೇಲೆ ನಕ್ಕರು. “ಎತ್ರುದ್ ಮ್ಯಾಲಿಂದ ಉಯ್ಯಂಗಿಲ್ಲ, ಬೂದಿ ಹಾಕಿ ಬೆಳುಗಂಗಿಲ್ಲ. ಕುಡುದ್ರು, ಎಸುದ್ರು. ಇದ್ನ ನಾನ್ ಕಲುಸ್ನಿಲ್ಲ ಕಣಮ್ಮಿ, ಅವಳೇ ಕಂಡ್ಕೊಂಡವ್ಳೆ. ನನ್ಗಿಂತ ಜಾಣೆ.”

ಕಾಫಿ ಕುಡಿದೆ. ಅಷ್ಟು ಓದಿದವಳು ಲೋಟ ಕೆಳಗಿಟ್ಟು ಎದ್ದು ಬರಲಿಲ್ಲ. ಕಾಫಿ ಚೆನ್ನಾಗಿತ್ತು.

ಅವತ್ತು ಧೈರ್ಯ ಮಾಡಿ ಒಂದು ಮಾತು ಕೇಳಿದೆ. “ಅಮ್ಮೋರೆ, ಬಳೆ ಒಡೀಬಾರದು ಅಂತ ಬಳಗನೇ ಎದುರು ಹಾಕ್ಕೊಂಡ್ರಿ. ಮಗಳನ್ನ ಹೊರಗೆ ಕೂರಿಸ್ಲಿಲ್ಲ. ಅಷ್ಟನ್ನೆಲ್ಲ ಬಿಟ್ಟವರು ಇದೊಂದನ್ನ ಯಾಕೆ ಬಿಡ್ಲಿಲ್ಲ?”

ಅವರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ನನ್ನ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. “ಬಳೆ ಒಡುದ್ರೆ ಗಾಜು ನನ್ ಕೈಗೆ ಚುಚ್ಚದು” ಅಂದರು. “ಹೊರ್ಗೆ ಕೂರ್ಸುದ್ರೆ ನನ್ ಮಗ್ಳು ಚಳೀಲಿ ಮಲಗೋಳು. ಇದು ನಮ್ಗೆ ಯಾವತ್ತೂ ಚುಚ್ಚನಿಲ್ಲ ಕಣಮ್ಮಿ. ಚುಚ್ದೆ ಇರದ್ನ ಯಾಕ್ ಬುಡನ?”

ನಾನು ಓದಿದ ಯಾವ ಪುಸ್ತಕದಲ್ಲೂ ಇದು ಇಷ್ಟು ನೆಟ್ಟಗೆ ಬರೆದಿರಲಿಲ್ಲ.

ಮನೆಗೆ ಬಂದವಳು ಒಂದು ತೀರ್ಮಾನ ಮಾಡಿದೆ. ನನ್ನ ಮಗಳಿಗೆ ಇದರ ಗಾಳಿಯೂ ಸೋಕಬಾರದು. ಅವಳಿಗೆ ನಾನು ಕೊಡುವುದು ಬೇರೆ ಇದೆ. ಅವ್ವನ ಬಸ್ಸಾರು, ಕಳೆ ಕೀಳುವಾಗ ಅವ್ವ ಹೇಳುತ್ತಿದ್ದ ಪದ, ಸೋಮವಾರ ಮಾದಪ್ಪನಿಗೆ ಕೈ ಮುಗಿಯುವುದು. ಬೊಗಸೆಯ ಕತೆ ನನ್ನಲ್ಲೇ ಮುಗಿಯಲಿ. ಗೊತ್ತಿಲ್ಲದವಳು ತಲೆ ಎತ್ತಿಕೊಂಡು ಬೆಳೆಯುತ್ತಾಳೆ ಅಂದುಕೊಂಡೆ. ಅವಳು ಅಮ್ಮೋರ ಮೊಮ್ಮಗಳ ಜೊತೆ ಆಡಲು ಆ ಮನೆಗೆ ಹೋಗುತ್ತಿದ್ದಳು, ಮಕ್ಕಳಿಗೆ ಅಲ್ಲಿ ಭೇದವಿರಲಿಲ್ಲ. ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಚಕ್ಕುಲಿ. ಅಮ್ಮೋರು ಇಬ್ಬರನ್ನೂ ಮಂಚದ ಮೇಲೆ ಪಕ್ಕ ಕೂರಿಸಿಕೊಂಡು ಜಡೆ ಹಾಕುತ್ತಿದ್ದರು. ಅದನ್ನು ಕಂಡು, ನೋಡು, ನನ್ನ ತೀರ್ಮಾನ ಸರಿ ಇತ್ತು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂದು ರಜದ ದಿನ ಬೆಳಿಗ್ಗೆ ನಮ್ಮ ರಸ್ತೆ ಗುಡಿಸುವ ಹೆಂಗಸು ಗೇಟಿನ ಹತ್ತಿರ ನಿಂತು ನೀರು ಕೇಳಿದರು. ಅವರ ಊರು ನಮ್ಮೂರ ಪಕ್ಕದ್ದೇ. ನನ್ನ ಅವ್ವನನ್ನು ಬಲ್ಲವರು, ನಾನು ಯಾರ ಮಗಳು ಅಂತ ಅವರಿಗೆ ಗೊತ್ತು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಮಗಳು ಒಂದು ಕೈಯಲ್ಲಿ ಜಗ್ಗು, ಇನ್ನೊಂದು ಕೈಯಲ್ಲಿ ಪೇಪರ್ ಲೋಟ ಹಿಡಿದು ಓಡಿದಳು. ಪೇಪರ್ ಲೋಟ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಲೋಟವನ್ನು ಅವರ ಕೈಗೆ ಕೊಡಲಿಲ್ಲ. ಕಾಂಪೌಂಡ್ ಗೋಡೆಯ ಮೇಲಿಟ್ಟ ಮೇಲೆ ಜಗ್ಗನ್ನು ಎತ್ತರಕ್ಕೆ ಹಿಡಿದು ನೀರು ಹೊಯ್ದು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ನಾನು ಗೇಟಿಗೆ ಹೋಗುವಷ್ಟರಲ್ಲಿ ಅವರು ಕುಡಿದು ಲೋಟವನ್ನು ಮುದುರಿ ತಮ್ಮ ಕಸದ ಗಾಡಿಗೇ ಹಾಕಿಕೊಂಡಿದ್ದರು.

“ಅಕ್ಕ, ಒಳಗೆ ಬನ್ನಿ, ಕಾಫಿ ಕುಡ್ಕೊಂಡು ಹೋಗಿ” ಅಂದೆ. ನನ್ನ ದನಿ ನನಗೇ ಸುಳ್ಳಾಗಿ ಕೇಳಿಸಿತು.

“ಬ್ಯಾಡಿ ಮೇಡಂ. ಇನ್ನೂ ಎಲ್ಡ್ ಬೀದಿ ಅವೆ.” ಗಾಡಿ ತಳ್ಳಿದವರು ತಿರುಗಿ, “ಮಗೀಗ್ ಬೈಬ್ಯಾಡಿ. ಮಗೀಗೇನ್ ಗೊತ್ತಾದದು” ಅಂದರು. ನನಗೆ ಗೊತ್ತಾಗುತ್ತದೆ ಅನ್ನುವುದನ್ನು ಬಾಯಿಬಿಟ್ಟು ಹೇಳಲಿಲ್ಲ.

ಮಗಳನ್ನು ಕೇಳಿದೆ. “ಯಾರು ಹೇಳ್ಕೊಟ್ರು ಹಿಂಗೆ ಕೊಡು ಅಂತ?”

“ಅವರ ಮನೆ ಅಜ್ಜಿ. ಕೆಲಸದವರು ಬಂದ್ರೆ ಗೋಡೆ ಮೇಲೆ ಇಡಬೇಕಂತೆ, ಕೈಗೆ ಕೊಡಬಾರದಂತೆ. ನಮ್ಮನೇಲಿ ಇಲ್ಲ ಅಂದಿದ್ದಕ್ಕೆ ಒಂದು ಕಟ್ಟು ಲೋಟ ಅವರೇ ಕೊಟ್ರು.” ಅವಳ ಮುಖ ಅರಳಿತ್ತು. “ಇಬ್ಬರಿಗೂ ಹೇಳ್ಕೊಟ್ರಮ್ಮ. ನಾನೇ ಫಸ್ಟ್ ಕರೆಕ್ಟಾಗಿ ಮಾಡಿದ್ದು.”

ಅವತ್ತು ಸಂಜೆ ಗೆಳತಿಯ ಮನೆಗೆ ಹೋದೆ. ಆಗಲೇ ಅಮ್ಮೋರಿಗೆ ಉಸಿರಾಟದ ತೊಂದರೆ ಶುರುವಾಗಿತ್ತು, ದಿಂಬು ಎತ್ತರಿಸಿಕೊಂಡು ಒರಗಿದ್ದರು. ಕೂರು ಅಂದರು, ಕೂರಲಿಲ್ಲ.

“ನನ್ನ ಮಗಳಿಗೆ ಏನು ಕಲಿಸಿದ್ದೀರಿ ಅಮ್ಮೋರೆ?”

“ಯಾಕಮ್ಮಿ, ಕೆಟ್ಟದ್ದೇನಾರ ಕಲುಸ್ದ್ನಾ?” ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ತಡೆತಡೆದು ಉಸಿರೆಳೆದುಕೊಂಡು ಹೇಳಿದರು: “ನೋಡಮ್ಮಿ. ನಿನ್ ವಿಷ್ಯದಲ್ಲಿ ನಾನ್ ಬದ್ಲಾಗಕಾಗಲ್ಲ, ವಯ್ಸಾಯ್ತು. ನಿನ್ ಮಗ್ಳು ಮೇಷ್ಟ್ರಮ್ಮನ್ ಮಗ್ಳು. ಅವ್ಳು ಯಾರ್ ಮುಂದ್ಲೂ ಕೈ ಒಡ್ಬಾರ್ದು. ಒಡ್ಡೋರ್ಗೆ ಉಯ್ಯದ್ ಕಲೀಲಿ ಅಂತ್ಲೇ ಕಲುಸ್ದೆ. ನನ್ ಮೊಮ್ಮಗ್ಳಿಗೂ ಅದೇ, ನಿನ್ ಮಗ್ಳಿಗೂ ಅದೇ. ಭೇದ ಮಾಡ್ನಿಲ್ವಲ್ಲ.”

ಇಲ್ಲಿ ಒಂದು ಮಾತು ಬರೆಯಬೇಕು. ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಅವರು ಹಾಗಂದ ಆ ಕ್ಷಣ ನನಗೆ ಹಿತವಾಯಿತು. ಒಂದೇ ಒಂದು ಉಸಿರಿನಷ್ಟು ಹೊತ್ತು. ನನ್ನ ಮಗಳು ಜಗಲಿಯ ಮೇಲೆ ನಿಂತಿದ್ದಾಳೆ, ದೊಡ್ಡಮನೆ ಅಮ್ಮೋರೇ ಎತ್ತಿ ನಿಲ್ಲಿಸಿದ್ದಾರೆ ಅನ್ನಿಸಿತು. ಗೇಟಿನ ಹತ್ತಿರ ನಿಂತಿದ್ದ ಆ ಹೆಂಗಸಿನ ಮುಖ ನೆನಪಾದದ್ದು ಆಮೇಲೆ.

“ಇನ್ನು ನನ್ನ ಮಗಳು ಈ ಮನೆಗೆ ಬರಲ್ಲ” ಅಂದೆ.

“ಕಳುಸ್ಬ್ಯಾಡ ಬುಡು” ಅಂದರು ಅಮ್ಮೋರು, ಕಣ್ಣು ಮುಚ್ಚಿಕೊಂಡು. “ಕಲ್ತಾಯ್ತಲ್ಲ.”

ಬಾಗಿಲವರೆಗೂ ಬಂದ ಗೆಳತಿ, “ಅಮ್ಮನ ಸ್ವಭಾವ ಗೊತ್ತಲ್ಲ ಕಣೆ, ಮನಸಿಗೆ ಹಚ್ಕೋಬೇಡ” ಅಂದಳು. ಸ್ವಭಾವ ಅಮ್ಮನದು, ಪೇಪರ್ ಲೋಟ ಯಾರದು ಅಂತ ಕೇಳಲಿಲ್ಲ. ಅವಳೂ ಆ ಜಗಲಿಯ ಮೇಲೆ ಅಳುತ್ತಾ ನಿಂತಿದ್ದವಳೇ.

ಮನೆಗೆ ಬಂದು ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಮಕ್ಕಳಿಗೆ ಹೇಳುವ ಹಾಗೆ ಹದ ಮಾಡಿ ಹೇಳಲಿಲ್ಲ. ಎಷ್ಟು ಚೊಂಬು ಕುಡಿದೆ, ಎಲ್ಲಿ ಕಕ್ಕಿದೆ, ನಿನ್ನ ಅಜ್ಜಿ ಬೆನ್ನು ನೀವುತ್ತಾ ಏನಂದಳು, ಎಲ್ಲವನ್ನೂ. ರಸ್ತೆ ಗುಡಿಸುವ ಅಕ್ಕ ನಮ್ಮ ಪಕ್ಕದ ಊರಿನವರು, ನಮ್ಮಂಥವರೇ ಅನ್ನುವುದನ್ನೂ. ಅವಳು ಮೊದಮೊದಲು ಕತೆ ಕೇಳುವ ಹಾಗೆ ಕೇಳಿದಳು. ಕೊನೆಕೊನೆಗೆ ನನ್ನ ಮುಖ ನೋಡುವುದನ್ನು ನಿಲ್ಲಿಸಿ ನೆಲ ನೋಡುತ್ತಾ ಕೂತಳು. ಒಂಬತ್ತು ವರ್ಷದ ಮಗು. ಅವಳ ಕಣ್ಣಿನಿಂದ ಏನೋ ಒಂದನ್ನು ನಾನೇ ತೆಗೆದುಹಾಕುತ್ತಿದ್ದೇನೆ ಅಂತ ಗೊತ್ತಿತ್ತು. ನಿಲ್ಲಿಸಲಿಲ್ಲ.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಸ್ಟೀಲ್ ಲೋಟದಲ್ಲಿ ನೀರು ಹಿಡಿದು ಗೇಟಿನಲ್ಲಿ ನಿಂತಳು. ಗಾಡಿ ಬಂತು. ಆ ಅಕ್ಕ ಗಾಡಿಯ ಹಿಡಿಗೆ ಕಟ್ಟಿದ್ದ ಪ್ಲಾಸ್ಟಿಕ್ ಬಾಟಲಿ ತೋರಿಸಿ, “ನನ್ತವ ಅದೆ ಕಣವ್ವ” ಅಂದು ನಗುತ್ತಲೇ ಮುಂದೆ ಹೋದರು. ಮಾರನೆಯ ದಿನವೂ ಹಾಗೇ. ಒಂದು ವಾರ ಮಗಳು ಲೋಟ ಹಿಡಿದು ನಿಂತಳು. ಒಂದು ದಿನವೂ ಅವರು ತೆಗೆದುಕೊಳ್ಳಲಿಲ್ಲ. ಹೋಗಿ ಅವರನ್ನು ಬೇಡಿಕೊಳ್ಳಬಹುದಿತ್ತು, ಇಲ್ಲ ಮಗಳನ್ನು ಒಳಗೆ ಕರೆಯಬಹುದಿತ್ತು. ಎರಡೂ ಮಾಡಲಿಲ್ಲ. ನಿಲ್ಲಲಿ ಅಂತಲೇ ಬಿಟ್ಟೆ.

ಶಾಲೆಯಲ್ಲಿ ಅವಳು ಬೆಂಚು ಬದಲಾಯಿಸಿಕೊಂಡಳಂತೆ. ಅಮ್ಮೋರ ಮೊಮ್ಮಗಳು ಯಾಕೆ ಅಂತ ಕೇಳಿ ಕೇಳಿ ಅತ್ತಳಂತೆ. ಆ ಮಗುವಿಗೆ ಕಾರಣ ಯಾರೂ ಹೇಳಿದ ಹಾಗಿಲ್ಲ.

ಎರಡು ತಿಂಗಳಾದ ಮೇಲೆ ಗೆಳತಿ ಫೋನು ಮಾಡಿದಳು. ಅಮ್ಮೋರು ಹೋದರು, ಊರಿಗೆ ತೆಗೆದುಕೊಂಡು ಹೋಗುತ್ತಿದ್ದೇವೆ, ಅವರ ಹೊಲದಲ್ಲೇ ಮಣ್ಣು ಅಂದಳು. ನಾನು ರಜೆ ಬರೆದುಕೊಟ್ಟು ಮಗಳನ್ನೂ ಶಾಲೆ ಬಿಡಿಸಿಕೊಂಡು ಹೊರಟೆ. ನಗರದಲ್ಲಿ ಬಸ್ಸು ಬದಲಾಯಿಸುವಾಗ ಅವಳು, “ನಾನ್ಯಾಕೆ ಬರಬೇಕು?” ಅಂದಳು. ಕೈ ಹಿಡಿದು ಹತ್ತಿಸಿದೆ.

ದೊಡ್ಡಮನೆಯ ಅಂಗಳದಲ್ಲಿ ಅಮ್ಮೋರನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಿಗೆ ಹೂವಿನ ಹಾರ. ಮೇಗಲ ಕೇರಿಯವರು ಸುತ್ತ, ಕೆಳಗಲ ಕೇರಿಯವರು ಗೋಡೆಯ ಪಕ್ಕ. ನಮ್ಮ ಅವ್ವ ಗೋಡೆಯ ಪಕ್ಕದಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ನಾಟಕದ ಅಳುವಲ್ಲ, ಸ್ವಂತ ಅಕ್ಕ ಸತ್ತಂಥ ಅಳು. ನಾನು ಮಗಳ ಕೈ ಹಿಡಿದು ಗೋಡೆ ಬಿಟ್ಟು ಮುಂದೆ ನಡೆದು ಕುರ್ಚಿಯ ಎದುರಿಗೇ ನಿಂತೆ. ಯಾರೂ ತಡೆಯಲಿಲ್ಲ. ಒಬ್ಬಿಬ್ಬರು ಒಂದಿಷ್ಟು ಸರಿದರು. ಜಾಗ ಮಾಡಿಕೊಟ್ಟರೋ ದೂರ ಸರಿದರೋ ತಿಳಿಯಲಿಲ್ಲ.

“ಕೈ ಮುಗಿ” ಅಂದೆ ಮಗಳಿಗೆ.

“ಯಾಕೆ?”

“ನಾನು ಓದಿದ್ದು ಇವರ ಮಾತಿನಿಂದ. ಇಲ್ಲದಿದ್ರೆ ನಾನಿವತ್ತು ಆ ಗೋಡೆ ಪಕ್ಕ ಇರ್ತಿದ್ದೆ. ನೀನೂ.”

ಅವಳು ಗೋಡೆಯ ಕಡೆ ತಿರುಗಿ ತನ್ನ ಅಜ್ಜಿಯನ್ನು ನೋಡಿದಳು. ಆಮೇಲೆ ಕೈ ಮುಗಿದಳು. ನಾನೂ ಮುಗಿದೆ. ಅತ್ತು ಅತ್ತು ದನಿ ಬಿದ್ದುಹೋಗಿದ್ದ ಗೆಳತಿ ಬಂದು ಅಷ್ಟು ಜನರ ಮುಂದೆ ನನ್ನನ್ನು ತಬ್ಬಿಕೊಂಡಳು. ತಬ್ಬಿಸಿಕೊಂಡೆ.

ವಾಪಸ್ಸು ಕುದೇರಿನ ಬಸ್ ಸ್ಟಾಪಿನಲ್ಲಿ ಕಲ್ಲು ಬೆಂಚಿನ ಮೇಲೆ ಕೂತಿದ್ದೆವು. ಮಗಳು ಕೇಳಿದಳು.

“ನೀನು ಓದಿದ್ದು ಅವರಿಂದ. ಆ ಲೋಟನೂ ಅವರಿಂದ.”

“ಹೂಂ.”

“ಹಂಗಾದ್ರೆ ಅವರು ಹೇಳಿದ್ದನ್ನ ಕೇಳ್ಬೇಕಾ, ಬೇಡ್ವಾ?”

ನನ್ನ ಕ್ಲಾಸಿನ ಮಕ್ಕಳು ಕೇಳಿದ್ದರೆ, ಯೋಚನೆ ಮಾಡಿ ನೀವೇ ತೀರ್ಮಾನ ಮಾಡಿ ಅನ್ನುತ್ತಿದ್ದೆ. ಟ್ರೈನಿಂಗಿನಲ್ಲಿ ಹಾಗೆ ಹೇಳಿಕೊಟ್ಟಿದ್ದಾರೆ. ನನ್ನ ಮಗಳಿಗೆ ಹಾಗನ್ನುವ ಧೈರ್ಯ ನನಗಿಲ್ಲ. ಅವಳ ಪಾಡಿಗೆ ಬಿಟ್ಟರೆ ಯಾರು ಬಂದು ತುಂಬುತ್ತಾರೆ ಅಂತ ನೋಡಿಯಾಗಿದೆ.

“ಒಂದು ಕೇಳು, ಒಂದು ಬೇಡ” ಅಂದೆ. “ಯಾವುದು ಅಂತ ನಾನು ಹೇಳ್ತೀನಿ.”